ಮದ್ರಾಸ್ ಐ ಸೀರೀಸ್, ಭಾಗ 3: ಆ ಡ್ರಾಪ್ಸ್ ತಂದಿದ್ದು ನಾನೇ

ಹೋದ ಪೋಸ್ಟ್‌ಗೆ "ನೀನು ಓದ್ತಿರೋದು ಬಿಕಾಂ, ಯಾವಾಗ ಡಾಕ್ಟರ್ ಆದೆ?" ಅಂತ ಕೇಳಿದವರಿಗೆ: ಆಗಿಲ್ಲ ಗುರು. ಆದ್ರೆ ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ನಿಂತು "ಇದು ಹಾಕಿ, ಎರಡೇ ದಿನ, ಕೆಂಪು ಹೋಗುತ್ತೆ" ಅಂದವನೂ ಡಾಕ್ಟರ್ ಅಲ್ಲ. ಅವನ ಮಾತು ಮಾತ್ರ ಊರೆಲ್ಲ ಕೇಳುತ್ತೆ. ನಾನೂ ಕೇಳಿದೆ.

ಅಕ್ಕನ ಮಗನಿಗೆ ಆರು ವರ್ಷ. ಸ್ಕೂಲಿಂದ ಬಂದಾಗ ಒಂದು ಕಣ್ಣು ಕೆಂಪು, ಮಾರನೇ ದಿನ ಎರಡೂ. ಅಕ್ಕ "ಏನಾದ್ರೂ ಡ್ರಾಪ್ಸ್ ತಗೊಂಡ್ ಬಾರೋ" ಅಂದ್ಲು, ತಂದೆ. ಕೆಂಪು ನಿಜವಾಗ್ಲೂ ಇಳೀತು. ನಾನು ಹೀರೋ! ಐದನೇ ದಿನ ಅವನು ಬೆಳಕು ನೋಡೋಕಾಗದೆ ದಿಂಬಿಗೆ ಮುಖ ಒತ್ತಿಕೊಂಡು ಅಳ್ತಿದ್ದ. ಕಣ್ಣಿನ ಡಾಕ್ಟರು ಬಾಟಲಿ ತಿರುಗಿಸಿ ನೋಡಿ, "ಇದರಲ್ಲಿ ಸ್ಟೀರಾಯ್ಡ್ ಇದೆ, ಯಾರು ತಂದಿದ್ದು?" ಅಂದ್ರು. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ರೇ ಚೆನ್ನಾಗಿತ್ತು.

ಮದ್ರಾಸ್ ಐ ಸಾಮಾನ್ಯವಾಗಿ ವೈರಸ್‌ನಿಂದ ಬರೋದು, ಹೆಚ್ಚಾಗಿ ಅಡೆನೋವೈರಸ್. ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತೆ. ಆ್ಯಂಟಿಬಯೋಟಿಕ್ ವೈರಸ್‌ನ ಮುಟ್ಟೋದೇ ಇಲ್ಲ. ಸ್ಟೀರಾಯ್ಡ್ ಕೆಂಪನ್ನ ಇಳಿಸುತ್ತೆ ಅಷ್ಟೇ, ವೈರಸ್ ಒಳಗೇ ಇರುತ್ತೆ. ಅದು ಹರ್ಪಿಸ್ ವೈರಸ್ ಆಗಿದ್ರಂತೂ ಕರಿಗುಡ್ಡೆ ಮೇಲೆ ಹುಣ್ಣು ಹರಡಿ ಕಲೆ ಉಳಿದು ದೃಷ್ಟಿಯೇ ಹೋಗಬಹುದು. ತುಂಬಾ ದಿನ ಹಾಕಿದ್ರೆ ಕಣ್ಣಿನ ಒತ್ತಡ ಏರುತ್ತೆ. ಡಾಕ್ಟರೇ ಪರೀಕ್ಷಿಸಿ ಬರೆದುಕೊಟ್ಟಿದ್ರೆ ಅದು ಬೇರೆ ಮಾತು. ಚೀಟಿ ಇಲ್ಲದೆ ಇದನ್ನ ಮಾರೋ ಹಾಗೇ ಇಲ್ಲ, ಆದ್ರೂ ಚಾಕೊಲೇಟ್ ಥರ ಕೊಡ್ತಾರೆ.

(2023ರ ಮಳೆಗಾಲ ನೆನಪಿದೆಯಾ? ಕಾಲೇಜಿಗೆಲ್ಲ ಕೂಲಿಂಗ್ ಗ್ಲಾಸ್. ನೋಡಿದ್ರೆ ಹರಡಲ್ಲ ಕಣ್ರೋ, ಕೈ, ಕರ್ಚೀಫು, ಟವೆಲ್‌ನಿಂದ ಹರಡುತ್ತೆ. ಗ್ಲಾಸ್ ಹಾಕ್ಕೊಂಡು ಒಂದೇ ಟವೆಲ್‌ನಲ್ಲಿ ನಾಲ್ಕು ಜನ ಮುಖ ಒರೆಸಿದ್ವಿ.)

"ಡಾಕ್ಟರ್ ಫೀಸ್ ಯಾಕೆ ದಂಡ" ಅಂತೀರಾ? ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ನಾವು ಉಳಿಸಿದ ಫೀಸಿಗೆ ಮೂರು ವಾರ ಆಸ್ಪತ್ರೆಗೆ ಓಡಾಡಿದ್ವಿ. ಕಣ್ಣು ಉಳಿದಿದೆ, ಪುಣ್ಯ.

ಮನೇಲಿ ಮೆಡಿಕಲ್‌ಗೆ ಓಡೋರು ನಾವೇ, ಗಾಡಿ ಕೀ ನಮ್ಮ ಕೈಲೇ ಇರೋದು. ಮಗುವಿಗೆ ಕಣ್ಣು ನೋವು, ಮಂಜು ಮಂಜು, ಬೆಳಕು ತಡೆಯೋಕಾಗಲ್ಲ ಅಂದ್ರೆ ಗಾಡಿ ಆಸ್ಪತ್ರೆ ಕಡೆ ತಿರುಗಿಸಿ. ಹಸುಗೂಸಾದ್ರೆ ಕಣ್ಣು ಕೆಂಪಾದ ದಿನವೇ ಹೋಗಿ. ಈಗ ಫ್ರಿಡ್ಜ್ ಬಾಗಿಲು ತೆಗೆದು ಹಳೇ ಬಾಟಲಿಯ ಲೇಬಲ್ ಓದಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ರೆ ಅದು ಸ್ಟೀರಾಯ್ಡ್.

ಭಾಗ 4: ಕಣ್ಣಿಗೆ ಎದೆಹಾಲು ಬಿಡೋ ಅಜ್ಜಿಯರು. ಬೈಯೋರು ಲೈನಲ್ಲಿ ಬನ್ನಿ.