ಜೀಪಿನ ಕೀರ್ತಿಗೆ ಲೆಕ್ಕ ಬೇಕು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಕ್ಕಳಿಗಷ್ಟೇ ಅಲ್ಲ, ವಾಹನಗಳಿಗೂ ಸಲ್ಲುವುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಜೀಪನ್ನು ಇಟ್ಟುಕೊಂಡವರೊಡನೆ ಮಾತಿಗೆ ಕುಳಿತರೆ ಇದು ಚೆನ್ನಾಗಿ ಮನದಟ್ಟಾಗುವುದು. ತಮ್ಮ ಗಾಡಿ ಮೂವತ್ತು ಮಳೆಗಾಲಗಳನ್ನು ಕಂಡಿದೆ, ಒಮ್ಮೆಯೂ ಕೈಕೊಟ್ಟಿಲ್ಲ ಎಂದು ಹೇಳುವರು. ಅದೇ ಉಸಿರಿನಲ್ಲಿ, ಆಷಾಢದ ಮಳೆಯಲ್ಲಿ ಹಳ್ಳದ ನಡುವೆ ಅಚ್ಚು ಮುರಿದು ರಾತ್ರಿಯೆಲ್ಲ ಕಾದ ಕಥೆಯನ್ನೂ ಹೇಳುವರು! ಇವರು ಸುಳ್ಳಾಡುವವರಲ್ಲ. 'ಕೈಕೊಡದ ಗಾಡಿ' ಎಂಬ ಒಂದೇ ಮಾತಿನಲ್ಲಿ ಹಲವು ಬೇರೆ ಬೇರೆ ಗುಣಗಳನ್ನು ಕಲಸಿಬಿಡುವರು, ಅಷ್ಟೆ. ಈ ಕಲಸುಮೇಲೋಗರವನ್ನು ಬಿಡಿಸಿ ನೋಡುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪುವ ಕೆಲಸವೆಂದು ನಾವು ಭಾವಿಸುತ್ತೇವೆ.

ವಾಹನದ ವಿಶ್ವಾಸಾರ್ಹತೆ ಈ ನಾಡಿನಲ್ಲಿ ಹರಟೆಯ ವಿಷಯವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಕಣಿವೆಗಳನ್ನು ತುಂಬಿದಾಗ ಎಷ್ಟೋ ಹಳೆಯ ದಾರಿಗಳು ಮುಳುಗಿದವು. ಹೊನ್ನೆಮರಡು ಆ ಹಿನ್ನೀರಿನ ಅಂಚಿನ ಊರು. ತುಮರಿಯ ಕಡೆಯವರು ದಶಕಗಳ ಕಾಲ ಲಾಂಚನ್ನೇ ನಂಬಿ ಬಾಳಿದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದುದು 2025ರ ಜುಲೈ ತಿಂಗಳಲ್ಲಿ. ಸೇತುವೆಯಾದರೂ ಹೆದ್ದಾರಿಯನ್ನು ಬಿಟ್ಟು ಒಳಗೆ ಹೊಕ್ಕರೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಕೊರಕಲು, ಹಳ್ಳ ಇವು ಇದ್ದೇ ಇವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಇದು ಬೆಂಗಳೂರಿನ ಮಳೆಯ ಸುಮಾರು ಏಳು ಪಟ್ಟು. ಇಂಥ ಕಡೆ ಬಸುರಿಯನ್ನೋ ಹಾವು ಕಚ್ಚಿದವರನ್ನೋ ಆಸ್ಪತ್ರೆಗೆ ಒಯ್ಯಬೇಕಾದರೆ ನೆರೆಮನೆಯ ಜೀಪೇ ಗತಿ. ಅದು ನಡುದಾರಿಯಲ್ಲಿ ನಿಂತರೆ ನಷ್ಟವಾಗುವುದು ಬಾಡಿಗೆಯ ಹಣವಷ್ಟೇ ಅಲ್ಲ.

ಮೊದಲು ಜೀಪಿನ ನಿಜವಾದ ಹಿರಿಮೆಯನ್ನು ಒಪ್ಪಿಕೊಳ್ಳೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಈ ವಾಹನವನ್ನು ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಇದರ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯಬಲ್ಲುದು. ಚಕ್ರವು ನೆಲವನ್ನು ಹಿಡಿದೆಳೆಯುವ ಗರಿಷ್ಠ ಬಲವು ಅದರ ಮೇಲಿನ ಭಾರ ಮತ್ತು ಘರ್ಷಣಾಂಕ ಇವುಗಳ ಗುಣಲಬ್ಧ. ಒದ್ದೆ ಮಣ್ಣಿನ ಘರ್ಷಣಾಂಕ 0.3 ಎಂದು ಇಟ್ಟುಕೊಳ್ಳಿ. ನಾಲ್ಕು ಚಕ್ರಗಳೂ ಎಳೆಯುವಾಗ, ತಾತ್ತ್ವಿಕವಾಗಿ, 10 ಮೀಟರಿಗೆ 3 ಮೀಟರು ಏರುವ ದಾರಿಯನ್ನು ಹತ್ತಬಹುದು. ಎರಡೇ ಚಕ್ರಗಳು ಎಳೆಯುವಾಗ ಅರ್ಧದಷ್ಟು ಭಾರ ಮಾತ್ರ ಅವುಗಳ ಮೇಲಿದ್ದರೆ, ಹತ್ತಬಹುದಾದ ಏರು ಸುಮಾರು ಅರ್ಧಕ್ಕೆ ಇಳಿಯುವುದು. 1,343 ಮೀಟರು ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಜೀಪುಗಳು ಹೊತ್ತೊಯ್ಯುವುದರ ಗುಟ್ಟು ಇದೇ. ಆದರೆ ಇದು ಸಾಮರ್ಥ್ಯವೇ ಹೊರತು ವಿಶ್ವಾಸಾರ್ಹತೆಯಲ್ಲ. ಬೆಟ್ಟವನ್ನು ಹತ್ತಬಲ್ಲ ವಾಹನವು ಸಾವಿರ ಸಲವೂ ಕೆಡದೆ ಹತ್ತುವುದೆಂದು ಇದರಿಂದ ಸಿದ್ಧವಾಗುವುದಿಲ್ಲ.

ಗಟ್ಟಿತನವೂ ವಿಶ್ವಾಸಾರ್ಹತೆಯೂ ಒಂದೇ ಅಲ್ಲ ಎಂಬುದಕ್ಕೆ ಮಲೆನಾಡಿನಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಜೀಪಿನ ಅಚ್ಚಿನ ನಡುವೆ ಹಲ್ಲುಚಕ್ರಗಳನ್ನೂ ಎಣ್ಣೆಯನ್ನೂ ತುಂಬಿದ ದಪ್ಪನೆಯ ಉಕ್ಕಿನ ಗಡಿಗೆಯಿದೆ, ಇದೇ ಡಿಫರೆನ್ಷಿಯಲ್. ಕಲ್ಲು ಬಡಿದರೂ ಅದು ಒಡೆಯದು. ಅದಕ್ಕೆ ಗಾಳಿಯಾಡಲೆಂದು ಒಂದು ಸಣ್ಣ ರಂಧ್ರವಿರುವುದು. ಕೆಸರು ಮೆತ್ತಿ ಆ ರಂಧ್ರ ಮುಚ್ಚಿತೆನ್ನಿ. ದೂರ ಓಡಿ 77 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಗಡಿಗೆಯು ಹಳ್ಳಕ್ಕಿಳಿದು 27 ಡಿಗ್ರಿಗೆ ತಣಿದರೆ ಒಳಗಿನ ಗಾಳಿಯ ಗತಿಯೇನು? ನಿರಪೇಕ್ಷ ಮಾನದಲ್ಲಿ ಉಷ್ಣತೆಯು 350ರಿಂದ 300ಕ್ಕೆ ಇಳಿಯಿತು. ಗಾತ್ರ ಬದಲಾಗದಿರುವಾಗ ಒತ್ತಡವೂ ಅದೇ ಪ್ರಮಾಣದಲ್ಲಿ, ಎಂದರೆ ಏಳರಲ್ಲಿ ಒಂದು ಪಾಲು, ತಗ್ಗುವುದು. ಇದು ಸುಮಾರು ಒಂದೂವರೆ ಮೀಟರು ನೀರಿನ ಕಂಬದ ಒತ್ತಡಕ್ಕೆ ಸಮ. ಸವೆದ ರಬ್ಬರಿನ ಅಂಚಿನ ಮೂಲಕ ಹಳ್ಳದ ನೀರು ಒಳಕ್ಕೆ ನುಗ್ಗಲು ಇಷ್ಟು ಸಾಕು. ಎಣ್ಣೆ ನೀರಿನೊಡನೆ ಬೆರೆತು ಹಾಲಿನ ಬಣ್ಣ ತಾಳುವುದು, ಹಲ್ಲುಗಳು ಸವೆಯುವುವು, ತಿಂಗಳುಗಳ ಬಳಿಕ ಒಂದು ದಿನ ಗಾಡಿ ನಿಲ್ಲುವುದು. ಉಕ್ಕಿನ ಗಡಿಗೆ ಗಟ್ಟಿಯಾಗಿಯೇ ಇದೆ, ಕೆಟ್ಟುದು ಮಾತ್ರ ಗಾಡಿ! ಹಳ್ಳ ದಾಟುವ ಮೊದಲು ರಂಧ್ರವನ್ನು ಚೊಕ್ಕಟ ಮಾಡುವ ಮಾಲೀಕರಿಗೂ ಮಾಡದವರಿಗೂ ಒಂದೇ ಕಾರ್ಖಾನೆಯ ಗಾಡಿಯಲ್ಲಿ ಬೇರೆ ಬೇರೆ ಅನುಭವವಾಗುವುದಕ್ಕೆ ಇಂಥವೇ ಕಾರಣಗಳು.

ಹಳೆಯ ಜೀಪಿನಲ್ಲಿ ಬಿಡಿಭಾಗಗಳು ಕಡಿಮೆ, ಆದುದರಿಂದ ಅದೇ ಹೆಚ್ಚು ನಂಬಿಕೆಗೆ ಅರ್ಹ ಎಂಬ ವಾದವನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ವಾದದಲ್ಲಿ ಅರ್ಧ ಸತ್ಯವಿದೆ. ಒಂದು ವಾಹನಕ್ಕೆ 200 ಮುಖ್ಯ ಭಾಗಗಳಿದ್ದು, ಯಾವ ಒಂದು ಕೆಟ್ಟರೂ ಗಾಡಿ ನಿಲ್ಲುವುದೆಂದು ಊಹಿಸಿ. ಪ್ರತಿಯೊಂದು ಭಾಗವೂ ಒಂದು ದಿನ ಕೆಡದೆ ಉಳಿಯುವ ಸಂಭಾವ್ಯತೆ 0.999 ಆಗಿರಲಿ. ಇಡೀ ಗಾಡಿ ಆ ದಿನ ಕೆಡದಿರುವ ಸಂಭಾವ್ಯತೆಯು 0.999ನ್ನು 200 ಸಲ ಗುಣಿಸಿದುದು. ಅದು ಸುಮಾರು 0.82. ಸಾವಿರಕ್ಕೆ ಒಂದೇ ಸಲ ಕೆಡುವ ಭಾಗಗಳಿಂದ ಕೂಡಿದ ಗಾಡಿ ಐದಾರು ದಿನಗಳಿಗೊಮ್ಮೆ ಕೆಡುವುದು! ಈಗ 400 ಭಾಗಗಳ ಹೊಸ ಗಾಡಿಯನ್ನು ತೆಗೆದುಕೊಳ್ಳಿ. ಭಾಗಗಳು ಇಮ್ಮಡಿಯಾದರೂ ಒಂದೊಂದರ ಸಂಭಾವ್ಯತೆ 0.9999ಕ್ಕೆ ಏರಿದ್ದರೆ ಉತ್ತರ ಸುಮಾರು 0.96 ಬರುವುದು. ಈ ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ಅವುಗಳ ಪಾಠ ಮಾತ್ರ ನಿಜ. ಸರಳತೆ ಒಳ್ಳೆಯದು, ಆದರೆ ಸರಳವಾದುದೆಲ್ಲ ನಂಬತಕ್ಕದ್ದಲ್ಲ. ಜಟಿಲವಾದುದೆಲ್ಲ ಶಂಕಿಸತಕ್ಕದ್ದೂ ಅಲ್ಲ.

ಹಾಗಾದರೆ ಹಳೆಯ ಜೀಪಿನ ಕೀರ್ತಿ ಬರಿಯ ಭ್ರಮೆಯೆ? ಅಲ್ಲ. ಅದು ಕೆಟ್ಟರೆ ಹಳ್ಳಿಯ ಕಮ್ಮಟದಲ್ಲಿ, ಕೆಲವು ಸ್ಪ್ಯಾನರುಗಳಿಂದ, ಅರ್ಧ ದಿನದಲ್ಲಿ ಸರಿಹೋಗುವುದು. ಇದು ದುರಸ್ತಿಯ ಸೌಲಭ್ಯ, ಇದಕ್ಕೂ ಲೆಕ್ಕವುಂಟು. 30 ದಿನ ಓಡಿ ಅರ್ಧ ದಿನ ನಿಲ್ಲುವ ಗಾಡಿಯು ಒಟ್ಟು ಕಾಲದ ಶೇಕಡಾ 98ಕ್ಕಿಂತ ಹೆಚ್ಚು ಭಾಗ ಕೆಲಸಕ್ಕೆ ಒದಗುವುದು. 200 ದಿನ ಓಡಿ, ಎಲೆಕ್ಟ್ರಾನಿಕ್ ಬಿಡಿಭಾಗಕ್ಕಾಗಿ 10 ದಿನ ಕಾಯುವ ಗಾಡಿ ಶೇಕಡಾ 95ರಷ್ಟು ಮಾತ್ರ ಒದಗುವುದು. ಬಾಡಿಗೆಯಿಂದ ಜೀವನ ನಡೆಸುವವನಿಗೆ ಮೊದಲನೆಯದೇ ಮೇಲು. ಆದರೆ ನಡುರಾತ್ರಿ ರೋಗಿಯನ್ನು ಒಯ್ಯುವಾಗ ಪ್ರಶ್ನೆಯೇ ಬೇರೆ. ಹೊರಟ ಗಾಡಿ ಆ ಒಂದು ದಿನ ಕೈಕೊಡುವ ಸಂಭವವು ಮೊದಲನೆಯದರಲ್ಲಿ ಸುಮಾರು ಮೂವತ್ತರಲ್ಲಿ ಒಂದು, ಎರಡನೆಯದರಲ್ಲಿ ಇನ್ನೂರರಲ್ಲಿ ಒಂದು. ಅರ್ಧ ದಿನದ ದುರಸ್ತಿಯನ್ನು ರೋಗಿ ಕಾಯಲಾರ. ಆದುದರಿಂದ ಯಾವ ಗಾಡಿ ಉತ್ತಮ ಎಂದು ಕೇಳುವ ಮುನ್ನ ಯಾವ ಕೆಲಸಕ್ಕೆ ಎಂದು ಕೇಳಬೇಕು. ಮಾಲೀಕರ ವಾಗ್ವಾದಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯನ್ನು ಕೇಳದಿರುವುದರಿಂದಲೇ ಹುಟ್ಟುವುವು.

ಇನ್ನೊಂದು ಬಲೆಯುಂಟು, ಅದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಮಹಾಯುದ್ಧದಲ್ಲಿ ಗುಂಡು ತಗುಲಿಯೂ ಮರಳಿದ ವಿಮಾನಗಳ ಗಾಯಗಳನ್ನು ಅಮೆರಿಕದಲ್ಲಿ ಲೆಕ್ಕ ಹಾಕುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ 1943ರಲ್ಲಿ ಈ ಸಮಸ್ಯೆಯನ್ನು ಪರಿಶೀಲಿಸಿದನು. ಕಣ್ಣಿಗೆ ಬೀಳುವುವು ಉಳಿದು ಬಂದ ವಿಮಾನಗಳು ಮಾತ್ರ. ಮರಳಿ ಬಾರದವುಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ತೀರ್ಮಾನ ತಪ್ಪುವುದು. ಇದೇ ಅವನ ವಿಚಾರದ ತಿರುಳು. ಭಾರತದಲ್ಲಿ ಉಪನ್ಯಾಸಗಳಿಗಾಗಿ ಬಂದಿದ್ದಾಗ, 1950ರ ಡಿಸೆಂಬರಿನಲ್ಲಿ, ನಮ್ಮ ನೆರೆಯ ನೀಲಗಿರಿಯಲ್ಲಿಯೇ ವಿಮಾನಾಪಘಾತದಲ್ಲಿ ಈ ಮೇಧಾವಿ ಮಡಿದುದು ದೈವದ ವಿಪರ್ಯಾಸ. ಸಾಗರದ ಪೇಟೆಯಲ್ಲಿ ಕಾಣುವ ನಲವತ್ತು ವರ್ಷದ ಜೀಪು ಮರಳಿ ಬಂದ ವಿಮಾನದಂತೆಯೆ. ಅದರ ಜೊತೆಯಲ್ಲಿ ಹುಟ್ಟಿ ಗುಜರಿಗೆ ಹೋದವು ಸಾಕ್ಷಿ ನುಡಿಯಲು ಬಾರವು. ಅಲ್ಲದೆ, ಉಳಿದ ಜೀಪಾದರೂ ಅಜ್ಜನ ಕೊಡಲಿಯಂತೆ: ಕಾವು ಮೂರು ಸಲ, ಅಲಗು ಎರಡು ಸಲ ಬದಲಾಗಿದೆ, ಕೊಡಲಿ ಮಾತ್ರ ಅಜ್ಜನದೇ!

ಮಾಲೀಕರ ಅನುಭವವನ್ನು ತಳ್ಳಿಹಾಕಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಾರ್ಖಾನೆಯ ಪರೀಕ್ಷಾಪಥವು ಆಗುಂಬೆಯ ಮಳೆಯನ್ನೂ, ಹೊನ್ನೆಮರಡಿನ ಇಳಿಜಾರನ್ನೂ, ಮಿತಿಮೀರಿ ಜನರನ್ನು ತುಂಬುವ ನಮ್ಮ ಅಭ್ಯಾಸವನ್ನೂ ಪೂರ್ತಿಯಾಗಿ ಅನುಕರಿಸಲಾರದು. ಈ ಜ್ಞಾನ ಮಾಲೀಕರಲ್ಲಿ ಮಾತ್ರ ಇದೆ. ಆದರೆ ಅದು ನೆನಪಿನಲ್ಲಿದೆ, ಕಡತದಲ್ಲಿಲ್ಲ. ನೆನಪು ದೊಡ್ಡ ಸಾಹಸವನ್ನು ಉಳಿಸಿಕೊಳ್ಳುವುದು, ಸಣ್ಣ ದುರಸ್ತಿಯನ್ನು ಮರೆಯುವುದು. ಗಾಡಿಯೊಳಗೆ ಒಂದು ಪುಸ್ತಕವನ್ನಿಟ್ಟು ಓಡಿದ ದೂರ, ಕೆಟ್ಟ ಭಾಗ, ನಿಂತ ಗಂಟೆಗಳು, ಆದ ಖರ್ಚು ಈ ನಾಲ್ಕನ್ನು ಬರೆದಿಟ್ಟರೆ ಅದೇ ಅನುಭವ ವಿಜ್ಞಾನವಾಗುವುದು.

ಈ ಕಾರ್ಯವನ್ನು ಮಲೆನಾಡಿನ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಏಕೆ ಕೈಗೊಳ್ಳಬಾರದು? ಊರಿನ ಹತ್ತು ಜೀಪುಗಳ ದಿನಚರಿಯನ್ನು ಒಂದು ವರ್ಷ ಬರೆಯಿರಿ. ಜೀಪನ್ನು ಮಾರಿದವರನ್ನೂ ಗುಜರಿಗೆ ಹಾಕಿದವರನ್ನೂ ಮರೆಯದೆ ಕೇಳಿರಿ. ಬೇಸಗೆಯ ಕೆಡಕುಗಳನ್ನೂ ಮಳೆಗಾಲದವನ್ನೂ ಬೇರೆ ಬೇರೆ ಎಣಿಸಿರಿ. ಬೇಕಾದುದು ಒಂದು ನೋಟುಪುಸ್ತಕ, ಸಾಮಾನ್ಯ ಗಣಿತ, ಮತ್ತು ಹೊಗಳಿಕೆಗೂ ತೆಗಳಿಕೆಗೂ ಸೋಲದ ಮನಸ್ಸು. ಆಪತ್ತಿನ ರಾತ್ರಿ ಊರಿನವರು ಯಾವ ಗಾಡಿಯನ್ನು ಎಬ್ಬಿಸಬೇಕೆಂಬುದನ್ನು ಮಾಲೀಕನ ಅಭಿಮಾನವು ತೀರ್ಮಾನಿಸುವುದಕ್ಕಿಂತ ನಿಮ್ಮ ಪುಸ್ತಕ ತೀರ್ಮಾನಿಸುವುದು ಲೇಸು.