ಪನ್ನೀರಿನ ಬಾಟಲಿ ತಿರುಗಿಸಿ ನೋಡಿ
ಅಂಗಡಿಯಲ್ಲಿ ಪನ್ನೀರೆಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಗುಲಾಬಿಯ ಸುಳಿವೇ ಇರುವುದಿಲ್ಲ. ಬರೀ ನೀರು, ಸೆಂಟು, ಬಣ್ಣ. ನಿಜವಾದ ಪನ್ನೀರು ಭಟ್ಟಿ ಇಳಿಸಿದ್ದು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ಡಮಾಸ್ಕ್ ಗುಲಾಬಿಯನ್ನು ನೀರಿನೊಂದಿಗೆ ತಾಮ್ರದ ಹಂಡೆಗೆ ತುಂಬಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ, ಅಡಿಯಲ್ಲಿ ಉರಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಕೂರಿಸಿದ ಇನ್ನೊಂದು ತಾಮ್ರದ ಪಾತ್ರೆಯಲ್ಲಿ ಹನಿಗಟ್ಟುತ್ತದೆ. ಹೂವಿನಲ್ಲಿರುವ ಫಿನೈಲ್ ಇಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುವುದರಿಂದಲೇ ಆ ನೀರಿಗೆ ಅಷ್ಟು ಪರಿಮಳ. ಬಿಸಿಲಲ್ಲಿ ಬಂದವರ ಮುಖಕ್ಕೆ ಚಿಮುಕಿಸಿದರೆ ತಂಪು, ಮುಲ್ತಾನಿ ಮಿಟ್ಟಿ ಕಲಸಲು ಹಿತ, ಘಮಕ್ಕೆ ಮನಸ್ಸೂ ಹಗುರ. ನನಗಂತೂ ಇಷ್ಟೇ ಸಾಕು. ಗುಲಾಬಿಯ ಸಾರಕ್ಕೆ ಉರಿಯೂತ ತಗ್ಗಿಸುವ, ಬ್ಯಾಕ್ಟೀರಿಯಾ ತಡೆಯುವ ಗುಣ ಪ್ರಯೋಗಾಲಯದಲ್ಲಿ ಕಂಡಿದೆ ನಿಜ, ಆದರೆ ಪನ್ನೀರಿನಲ್ಲಿ ಆ ಅಂಶ ತೀರಾ ತೆಳು. ಮೊಡವೆ, ಕಪ್ಪು ಕಲೆ, ಸುಕ್ಕು ಎಲ್ಲ ಮಾಯವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣುರಿ ಬಂದಾಗ ಎರಡು ಹನಿ ಬಿಟ್ಟುಕೊಳ್ಳುವ ರೂಢಿಯನ್ನಂತೂ ದಯವಿಟ್ಟು ಬಿಡಿ. ಸೌಂದರ್ಯಕ್ಕೆಂದು ಮಾರುವ ಪನ್ನೀರು ಕಣ್ಣಿನ ಔಷಧಿಯಂತೆ ಸೂಕ್ಷ್ಮಾಣುರಹಿತವಾಗಿ ತಯಾರಾದದ್ದಲ್ಲ. ಸೂಕ್ಷ್ಮ ಚರ್ಮದವರಿಗೆ ಸುಗಂಧವೇ ತುರಿಕೆ ತರಬಹುದು, ಹಾಗಾಗಿ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಕೊಳ್ಳುವಾಗ ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಭಟ್ಟಿ ಇಳಿಸಿದ ಪನ್ನೀರಿಗೆ ಬಣ್ಣವಿರುವುದಿಲ್ಲ. ನಸುಗೆಂಪಾಗಿದ್ದರೆ ಅದು ಹೂವು ಕೊಟ್ಟ ಬಣ್ಣವಲ್ಲ.