ಕಣ್ಣಿನ ಕಾಡಿಗೆಯೂ ಕಾವ್ಯವಿಮರ್ಶೆಯೂ

ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಆ ಕಣ್ಣೇ ಕಾಣಲಾರದು; ಹಾಗೆಯೇ ಕವಿಗೆ ತನ್ನ ಕಾವ್ಯದ ದೋಷ ತಾನಾಗಿ ತೋರದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕೊಡುವ ಹೋಲಿಕೆಯಿದು. ಕನ್ನಡದಲ್ಲಿ ಇಂದು ದೊರೆಯುವ ಮೊತ್ತಮೊದಲ ಗ್ರಂಥವು ಪುರಾಣವಲ್ಲ, ರಾಜನ ಚರಿತ್ರೆಯಲ್ಲ; ಕಾವ್ಯದ ಗುಣದೋಷಗಳನ್ನು ತೂಗಿ ನೋಡುವ ಶಾಸ್ತ್ರ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಾದೋಷಗಳ ನಿರ್ಣಯಕ್ಕೇ ಮೀಸಲಾಗಿದೆ.

ಗ್ರಂಥಕಾರನು ಬರಿದೆ ದೂಷಿಸುವವನಲ್ಲ. ದೋಷವುಳ್ಳ ಪದ್ಯವೊಂದನ್ನು ಮುಂದಿಟ್ಟು, ಅದು ಎಲ್ಲಿ ಕೆಟ್ಟಿತೆಂದು ತೋರಿಸಿ, ಹೇಗೆ ಹೇಳಿದ್ದರೆ ಸರಿಯಾಗುತ್ತಿತ್ತೆಂಬುದನ್ನೂ ತಿದ್ದಿ ತೋರಿಸುತ್ತಾನೆ. ಪ್ರಾಮಾಣಿಕ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ಹುಡುಕಬೇಕಾಗಿಲ್ಲ. ಇಲ್ಲಿ ಮಾತು ಪದ್ಯದ ಮೇಲೆ ನಿಲ್ಲುತ್ತದೆ, ಕವಿಯ ಮೇಲೆ ಹರಿಯುವುದಿಲ್ಲ.

ಈ ಪರಂಪರೆಯ ಮುಂದಿನ ಕವಿಗಳೂ ಪರೀಕ್ಷೆಗೆ ಹಿಂಜರಿದವರಲ್ಲ. ತನ್ನ ಕೃತಿಯನ್ನು ರತ್ನವೆಂದು ಕರೆದುಕೊಂಡ ರನ್ನನು, ಅದನ್ನು ಪರೀಕ್ಷಿಸುವವನಿಗೆ ಅಸಾಮಾನ್ಯ ಎದೆಗಾರಿಕೆ ಬೇಕೆಂದು ಸವಾಲೆಸೆದನು. ಅದರಲ್ಲಿ ಹೆಮ್ಮೆ ಇದೆ, ನಿಜ; ಆದರೆ ರತ್ನಕ್ಕೆ ಪರೀಕ್ಷಕನುಂಟೆಂಬ ಒಪ್ಪಿಗೆಯೂ ಇದೆ. ‘ಶಬ್ದಮಣಿದರ್ಪಣ’ದ ಕೇಶಿರಾಜನಾದರೋ, ತನ್ನ ಗ್ರಂಥದಲ್ಲಿ ದೋಷ ಕಂಡರೆ ಪ್ರೀತಿಯಿಂದ ತಿದ್ದಬೇಕೆಂದು ವಿದ್ವಾಂಸರನ್ನು ಬೇಡಿಕೊಂಡನು. ಸಂಸ್ಕೃತವನ್ನೂ ಕನ್ನಡವನ್ನೂ ಬೆರೆಸುವುದು ತುಪ್ಪವನ್ನೂ ಎಣ್ಣೆಯನ್ನೂ ಬೆರೆಸಿದಂತೆಂದು ನಯಸೇನನು ತನ್ನ ಕಾವ್ಯದಲ್ಲಿಯೇ ಆಕ್ಷೇಪಿಸಿದನು. ಆಂಡಯ್ಯನು ‘ಕಬ್ಬಿಗರ ಕಾವ’ವನ್ನು ಸಂಸ್ಕೃತ ತತ್ಸಮಗಳ ಹಂಗಿಲ್ಲದೆ ಬರೆದು ತೋರಿಸಿದನು. ಇಷ್ಟಾದರೂ ಪಂಪನ ಮಾರ್ಗಕ್ಕೆ ಕುಂದು ಬರಲಿಲ್ಲ. ಎರಡು ಬಗೆಯ ನುಡಿಯೂ ಉಳಿಯಿತು; ಚರ್ಚೆಯಿಂದ ಕನ್ನಡವೇ ಬೆಳೆಯಿತು.

ಈ ಹಿನ್ನೆಲೆಯಲ್ಲಿ ಇಂದಿನ ಸ್ಥಿತಿಯನ್ನು ನೋಡಿದರೆ ಖೇದವಾಗುತ್ತದೆ. ಮುನ್ನುಡಿ ಹೊಗಳುತ್ತದೆ, ಬೆನ್ನುಡಿ ಇನ್ನಷ್ಟು ಹೊಗಳುತ್ತದೆ, ಬಿಡುಗಡೆಯ ಸಭೆಯಲ್ಲಿ ಶಾಲಿನೊಡನೆ ಪ್ರಶಂಸೆಯನ್ನೂ ಹೊದಿಸಲಾಗುತ್ತದೆ. ಕವಿತೆಯ ಯಾವ ಸಾಲು ಏಕೆ ಸೋತಿತೆಂದು ಹೇಳುವವರು ವಿರಳ. ಹೇಳಿದವನು ಮತ್ಸರಿಯೆನಿಸಿಕೊಳ್ಳುತ್ತಾನೆ. ಎಳೆಯ ಕವಿಯ ಉತ್ಸಾಹಕ್ಕೆ ಭಂಗ ತರಬಾರದೆಂಬ ವಾದವೂ ಉಂಟು. ಆ ಕಾಳಜಿ ಮಾತಿನ ಸೌಮ್ಯತೆಯಲ್ಲಿ ಇರಲಿ, ಸತ್ಯವನ್ನು ಮರೆಮಾಚುವುದರಲ್ಲಿ ಬೇಡ. ದೋಷವನ್ನು ಅರಿಯದ ಕವಿ ಅದನ್ನೇ ತನ್ನ ಶೈಲಿಯೆಂದು ನಂಬುತ್ತಾನೆ; ಅವನನ್ನು ಓದಿ ಬರೆಯತೊಡಗಿದವನು ಅದನ್ನೇ ಮಾರ್ಗವೆಂದು ಹಿಡಿಯುತ್ತಾನೆ. ಇನ್ನೊಂದು ನಷ್ಟವೂ ಇದೆ: ಎಲ್ಲವನ್ನೂ ಹೊಗಳುವ ಸಭೆಯಲ್ಲಿ ನಿಜವಾಗಿ ಒಳ್ಳೆಯ ಕವಿತೆಗೆ ಸಲ್ಲುವ ಹೊಗಳಿಕೆಗೂ ಬೆಲೆಯುಳಿಯುವುದಿಲ್ಲ.

ವಿಮರ್ಶಕನಿಗೂ ಕಟ್ಟುಪಾಡು ಬೇಕು. ದೋಷವೆಂದವನು ಸಾಲನ್ನು ತೋರಿಸಬೇಕು, ಕಾರಣವನ್ನು ಕೊಡಬೇಕು, ಗುಣವಿದ್ದಲ್ಲಿ ಅಷ್ಟೇ ಸ್ಪಷ್ಟವಾಗಿ ಮೆಚ್ಚಬೇಕು, ತನ್ನ ಮಾತಿಗೆ ಬರುವ ಉತ್ತರವನ್ನು ಕೇಳುವ ತಾಳ್ಮೆಯನ್ನೂ ಇಟ್ಟುಕೊಳ್ಳಬೇಕು. ಅವನ ಕಣ್ಣಿನಲ್ಲಿಯೂ ಕಾಡಿಗೆಯಿದೆ. ಅದನ್ನು ಕಾಣಬಲ್ಲವರು ಎದುರಿಗೆ ಕುಳಿತವರೇ. ಬಹಿರಂಗ ಚರ್ಚೆ ಅಗತ್ಯವಾಗುವುದು ಇದೇ ಕಾರಣಕ್ಕೆ.